ಶಿವಬಸವ್ವನ ಎರಡನೇ ಹಾಳೆ

2025ರ ನವೆಂಬರ್ 13, ಗುರುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಪೂರ್ಣಿಮಾ ಎಂಬ ನಲವತ್ತೆರಡರ ಹೆಂಗಸು ಠಾಣೆಯೊಳಗೆ ಬಂದಳು. ಕುಂದರ್ರಿ ಅಂದರೂ ಕೂರಲಿಲ್ಲ. ಇನ್ಸ್‌ಪೆಕ್ಟರ್ ಬಸವಪ್ರಸಾದನ ಮೇಜಿನ ಅಂಚು ಹಿಡಿದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಆಸ್ಪತ್ರ್ಯಾಗ ಹನ್ನೊಂದು ದಿನ ಗುದ್ದಾಡಿ ಬದುಕಿ ಬಂದಾಕಿರಿ ನಮ್ಮವ್ವ. ಅಲ್ಲಿ ಹದಿನೈದು ತಾಸಿನಾಗ ಹ್ಯಾಂಗ ಸತ್ತಳು?"

ಅಲ್ಲಿ ಎಂದರೆ ಪೀರನವಾಡಿಯ ವೃದ್ಧರ ಆರೈಕೆ ಕೇಂದ್ರ. ಪೂರ್ಣಿಮಾಳ ಮನೆ ರವಿವಾರ ಪೇಟೆಯಲ್ಲಿ, ಗಂಡನ ಮೆಣಸಿನಕಾಯಿ ಅಂಗಡಿಯ ಮೇಲೆ, ಮೂರನೇ ಮಹಡಿ. ಆ ಮೆಟ್ಟಿಲು ಹತ್ತಿದರೆ ಗಟ್ಟಿಮುಟ್ಟಾದವರಿಗೂ ಏದುಸಿರು ಬರುತ್ತದೆ. ಎಪ್ಪತ್ತಾರರ ತಾಯಿ ಶಿವಬಸವ್ವನಿಗೆ ಮೊಣಕಾಲು ಮಡಚುತ್ತಿರಲಿಲ್ಲ. ಹಾಗಾಗಿ ಮಾರ್ಚ್ 4ರಂದು ಕೇಂದ್ರಕ್ಕೆ ಸೇರಿಸಿ, ದಿನಾ ಸಂಜೆ ಹೋಗಿ ಮಾತಾಡಿಸಿ ಬರುತ್ತಿದ್ದಳು. ನವೆಂಬರ್ 1ಕ್ಕೆ ಮುದುಕಿಗೆ ಲಕ್ವಾ ಹೊಡೆದು ಆಸ್ಪತ್ರೆ ಸೇರಿದಳು. 12ರ ಮಧ್ಯಾಹ್ನ ಬಿಡುಗಡೆಯಾಗಿ 3.40ಕ್ಕೆ ಮತ್ತೆ ಕೇಂದ್ರಕ್ಕೆ ಬಂದಳು. 13ರ ಬೆಳಿಗ್ಗೆ 6.10ಕ್ಕೆ ತೀರಿಕೊಂಡಳು.

"ಯಾರ ಮ್ಯಾಲರೆ ಸಂಶೆ ಐತೇನ್ರಿ?"

"ಯಾರ ಮ್ಯಾಲೂ ಇಲ್ರಿ. ಅಲ್ಲಿ ನೋಡ್ಕೊಳ್ಳೋ ನಾಗರತ್ನಾ ಅಕ್ಕಾರಂತೂ ನಮ್ಮವ್ವಗ ನನಗಿಂತ ಹೆಚ್ಚು. ಮುಂಜಾನೆ ಫೋನ್ ಮಾಡಿ ಅತ್ತರು. ಆದ್ರ ಹ್ಯಾಂಗ ಆತು ಅನ್ನೂದನ್ನ ಒಬ್ಬರೂ ಬಾಯಿ ಬಿಟ್ಟು ಹೇಳವಲ್ರು."

ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಯಿತು. 11.45ಕ್ಕೆ ಬಸವಪ್ರಸಾದ, ಹೆಡ್ ಕಾನ್‌ಸ್ಟೆಬಲ್ ಸನಾಉಲ್ಲಾ ಮತ್ತು ಮಹಿಳಾ ಕಾನ್‌ಸ್ಟೆಬಲ್ ಮನಿಷಾ ಪೀರನವಾಡಿಗೆ ತಲುಪಿದರು. ಪೂರ್ಣಿಮಾ ಹಿಂದೆಯೇ ರಿಕ್ಷಾದಲ್ಲಿ ಬಂದಳು.

ಸನಾಉಲ್ಲಾನ ಅಕ್ಷರ ಮುತ್ತಿನಂಥವು. ಇಪ್ಪತ್ತಾರು ವರ್ಷದಲ್ಲಿ ಅವನು ಬರೆದ ಪಂಚನಾಮೆಗಳಿಗೆ ಲೆಕ್ಕವಿಲ್ಲ. ಆದರೆ ಒಂದು ಕೆಟ್ಟ ಚಾಳಿ. ಪಂಚರಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಬರೆಯುವುದನ್ನು ಠಾಣೆಗೆ ಬಂದು ಚಹಾ ಕುಡಿಯುತ್ತ ಬರೆಯುತ್ತಿದ್ದ. ಬೈದರೆ, "ಅವರಿಗೂ ಮನೀ ಕೆಲಸ ಇರ್ತಾವಲ್ರಿ ಸರ" ಅನ್ನುತ್ತಿದ್ದ. ಇವತ್ತು ಸಾಹೇಬರು ಬಾಜೂಕೇ ನಿಂತಿದ್ದರಿಂದ ಪಾಪ, ನೋಡಿ ನೋಡಿ ಬರೆದ. ಮನಿಷಾ ಹೊದಿಕೆ ಸರಿಸಿ ಹೇಳುತ್ತ ಹೋದಳು: ಬೆನ್ನಿನ ಕೆಳಗೆ ಎರಡು ಹುಣ್ಣು, ತುಟಿ ನೀಲಿ, ಕೈಯಲ್ಲಿ ಸೂಜಿಯ ಗುರುತು, ಕೊರಳಲ್ಲಿ ಏನೂ ಇಲ್ಲ.

ಕೇಂದ್ರದ ಮೇಲ್ವಿಚಾರಕಿ ನಾಗರತ್ನಾ ಕೇಳುವ ಮೊದಲೇ ಕಡತ ತಂದು ಮುಂದಿಟ್ಟಳು. ವಯಸ್ಸು ಐವತ್ತೊಂದು, ಇಪ್ಪತ್ತೆರಡು ವರ್ಷದ ಅನುಭವ, ಇಸ್ತ್ರಿ ಮಾಡಿದ ಬಿಳಿ ಸೀರೆ. ಕಣ್ಣು ಅತ್ತು ಕೆಂಪಾಗಿದ್ದವು.

"ನಮ್ಮಲ್ಲಿ ಒಂದ್ ಕಾಯ್ದೆ ಐತ್ರಿ ಸರ. ಆಸ್ಪತ್ರಿಗೆ ಹೋಗಿ ವಾಪಸ್ ಬಂದವರನ್ನ ಹೊಸಬರಂಗನ ತಿಳೀಬೇಕು. ತಲಿಯಿಂದ ಕಾಲತನಕ ನೋಡಿ, ಹೊಸಾ ತಪಾಸಣಾ ಹಾಳಿ ಬರೀಬೇಕು. ಹಳೇದು ನಡೆಯಂಗಿಲ್ಲ. ಆ ಹಾಳಿ ನೋಡಿನ ಊಟ, ಔಷಧ, ಎಲ್ಲಾ."

"ನಿನ್ನೆ ಬರದೀರಿ?"

"ಜುಲೇಖಾ ಬರದಾಳ್ರಿ. ಅದರಾಗ ಐತಿ."

ಹಾಳೆ ಅಚ್ಚುಕಟ್ಟಾಗಿತ್ತು. ದಿನಾಂಕ 12-11-2025, ಸಂಜೆ 4.30. ತೂಕ 47 ಕೆ.ಜಿ. ಚರ್ಮದ ಮೇಲೆ ಗಾಯವಿಲ್ಲ. ನುಂಗುವುದರಲ್ಲಿ ತೊಂದರೆಯಿಲ್ಲ, ಸ್ವತಃ ಉಣ್ಣುತ್ತಾರೆ. ಮೈಮೇಲಿನ ವಸ್ತು: ಕೊರಳಲ್ಲಿ ಇಷ್ಟಲಿಂಗ, ಬೆಳ್ಳಿಯ ಕರಡಿಗೆ. ಪರೀಕ್ಷಿಸಿದವರು: ಜುಲೇಖಾ, ಶುಶ್ರೂಷಕಿ. ಕೆಳಗೆ ಸಹಿ.

ಸನಾಉಲ್ಲಾ ತನ್ನ ಪಂಚನಾಮೆ ಎತ್ತಿ ನೋಡಿದ. "ಸರ, ನಾ ಕೊರಳಾಗ ಏನೂ ಇಲ್ಲ ಅಂತ ಬರದೀನಿ. ಇಲ್ಲಿ ಕರಡಿಗಿ ಐತಿ ಅಂತ ಐತಿ. ಬೆಳ್ಳೀದು."

ಕೋಣೆಯಲ್ಲಿದ್ದ ಎಲ್ಲರೂ ಒಟ್ಟಿಗೆ ಆಯಾ ಸಿದ್ದಕ್ಕನ ಕಡೆ ತಿರುಗಿದರು. ಎಲ್ಲಿ ಏನು ಕಳೆದರೂ ಮೊದಲು ಕಸ ಹೊಡೆಯುವವರ ಮುಖ ನೋಡುವುದು ನಮ್ಮ ಜನರ ಹಳೇ ರೂಢಿ.

"ಯಾಕ್ರಿ, ನನ್ನ ಯಾಕ ನೋಡ್ತೀರಿ?" ಸಿದ್ದಕ್ಕ ಕಸಬರಿಗೆ ನೆಲಕ್ಕೆ ಒಗೆದಳು. "ಲಿಂಗಾ ಕದ್ದು ನಾ ಎಲ್ಲಿಡ್ಲಿ? ನನ್ನ ಮಕ್ಕಳ ತಲೀ ಮ್ಯಾಲ ಇಡ್ಲ್ಯಾ?"

"ಆಕಿ ತಗೊಂಡಿಲ್ರಿ," ಅಂದಳು ಪೂರ್ಣಿಮಾ. ತನ್ನ ಚೀಲದಿಂದ ಬಿಳಿ ಅರಿವೆಯ ಪುಟ್ಟ ಗಂಟು ತೆಗೆದು ಬಿಚ್ಚಿದಳು. ಒಳಗೆ ಲಿಂಗವಿಟ್ಟ ಕರಡಿಗೆ ಇತ್ತು. "ಒಂದನೇ ತಾರೀಕ ಸ್ಕ್ಯಾನ್ ಮಾಡುವಾಗ ತಗೀರಿ ಅಂದ್ರು. ಅವತ್ತಿಂದ ನನ್ನ ಹತ್ರನ ಐತಿ. ದಿನಾ ಪೂಜಿ ಮಾಡಿ ಅವ್ವನ ಮುಂದ ಹಿಡೀತಿದ್ದೆ. ಅದನ್ನ ನೋಡಿದ ಮ್ಯಾಲೆನ ಆಕಿ ನೀರು ಮುಟ್ಟತಿದ್ದಳು. ಹೊಸಾ ಶಿವದಾರ ತಂದಿದ್ದೆ, ಇವತ್ತ ಮುಂಜಾನೆ ಜಳಕಾ ಆದ ಮ್ಯಾಲ ಕಟ್ಟಬೇಕಂತ." ಗಂಟನ್ನು ಮತ್ತೆ ಕಟ್ಟಿ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು.

ಬಸವಪ್ರಸಾದನ ಕೈ ತಾನಾಗಿಯೇ ಅಂಗಿಯೊಳಗಿನ ತನ್ನ ಲಿಂಗವನ್ನು ಮುಟ್ಟಿಕೊಂಡಿತು. ನಿನ್ನೆ ಸಂಜೆ 4.30ಕ್ಕೆ ಈ ಮುದುಕಿಯ ಕೊರಳನ್ನು ಕಣ್ಣಾರೆ ನೋಡಿದವರು ಆ ಸಾಲು ಬರೆಯಲು ಸಾಧ್ಯವಿರಲಿಲ್ಲ. ಕಡತ ತಿರುವಿ ಮಾರ್ಚ್ 4ರ ಮೊದಲ ಹಾಳೆ ತೆಗೆದ. 47 ಕೆ.ಜಿ. ಗಾಯವಿಲ್ಲ. ಸ್ವತಃ ಉಣ್ಣುತ್ತಾರೆ. ಇಷ್ಟಲಿಂಗ, ಬೆಳ್ಳಿಯ ಕರಡಿಗೆ. ಅಕ್ಷರಕ್ಕೆ ಅಕ್ಷರ ಅದೇ! ಆಸ್ಪತ್ರೆ ಕೊಟ್ಟ ಬಿಡುಗಡೆ ಚೀಟಿ ಅದೇ ಕಡತದಲ್ಲಿ, ಲಕೋಟೆ ಒಡೆಯದೆ ಬಿದ್ದಿತ್ತು. ತೂಕ 41. ಬೆನ್ನಲ್ಲಿ ಎರಡು ಹುಣ್ಣು. ನುಂಗುವ ಶಕ್ತಿ ಕುಂದಿದೆ, ತೆಳ್ಳನೆಯದೂ ಬೇಡ, ಗಟ್ಟಿಯದೂ ಬೇಡ, ಮಂದ ಗಂಜಿಯನ್ನಷ್ಟೇ ಕೂರಿಸಿ ಚಮಚದಿಂದ ಕೊಡಬೇಕು. ಈ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಮಧ್ಯಾಹ್ನ 2.30ಕ್ಕೆ ಪಾಳಿಗೆ ಬಂದ ಜುಲೇಖಾಳನ್ನು ಕಚೇರಿಯಲ್ಲಿ ಕೂರಿಸಿ ವಿಚಾರಿಸಿದರು. ಮೂವತ್ತೊಂದು ವರ್ಷ, ಖಾನಾಪುರ ತಾಲೂಕಿನ ಬೀಡಿಯವಳು, ಪೀರನವಾಡಿಯಲ್ಲಿ ಬಾಡಿಗೆ ಕೋಣೆ.

"ಈ ಸಹಿ ನಿಂದೇನವಾ?"

"ಹೌದ್ರಿ."

"ಹಾಳಿ ತುಂಬಿದಾಕಿ?"

"ನಾನ ರಿ."

"ಕೊರಳಾಗ ಏನಿತ್ತು?"

"ಲಿಂಗಾ ಇತ್ರಿ. ಬೆಳ್ಳಿ ಕರಡಿಗ್ಯಾಗ."

ಬಸವಪ್ರಸಾದ ಅರಿವೆಯ ಗಂಟನ್ನು ಮೇಜಿನ ಮೇಲಿಟ್ಟು, ಅದು ಹನ್ನೊಂದು ದಿನ ಎಲ್ಲಿತ್ತು ಎಂಬುದನ್ನು ಹೇಳಿದ. ಜುಲೇಖಾಳ ಮುಖ ಬಿಳಿಚಿತು.

"ಸಾವು ಆಗೈತಿ. ಸುಳ್ಳ ಹಾಳಿ ಮ್ಯಾಲ ನಿನ್ನ ಹೆಸರು ಐತಿ. ನಿನ್ನ ನರ್ಸಿಂಗ್ ನೋಂದಣಿ ಹೋಗತೈತಿ, ಜೇಲೂ ಆಗತೈತಿ. ಖರೇ ಏನೈತಿ ಹೇಳು."

"ಅದ ಖರೇ ರಿ ಸರ," ಅಂದಳು ಅವಳು ನೆಲ ನೋಡುತ್ತ. ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಬರಲಿಲ್ಲ. ಅವಳ ಮೊಬೈಲನ್ನು ವಶಕ್ಕೆ ಪಡೆದು, ಕರೆದಾಗ ಬರಬೇಕೆಂದು ಹೇಳಿ ಕಳಿಸಿದರು.

ನಾಗರತ್ನಾ ಸಂಜೆ 4ಕ್ಕೆ ಹೇಳಿಕೆ ಬರೆಸಿದಳು. 12ರಂದು ಜುಲೇಖಾ ಪಾಳಿಯಲ್ಲಿದ್ದಳು, ಹಾಜರಿ ಪುಸ್ತಕದಲ್ಲೂ ಹಾಗೇ ಇದೆ. ಮುದುಕಿಯನ್ನು ಪರೀಕ್ಷಿಸಿದವಳೂ ಅವಳೇ, ಸಂಜೆ ತಿನ್ನಿಸಿದವಳೂ ಅವಳೇ. ತಾನು ಕಚೇರಿಯಲ್ಲಿ ಕೂತಿದ್ದೆ.

ಜೀಪು ಹೊರಟಾಗ ಮನಿಷಾ ಹಿಂದಿನ ಸೀಟಿನಿಂದ ಕೇಳಿದಳು. "ಸರ, ಜುಲೇಖಾನ ಕೈ ನೋಡಿದ್ರ್ಯಾ?"

"ಯಾಕ?"

"ಮದರಂಗಿ. ಖರೇ ಹೇಳ್ತೇನಿ, ನಿನ್ನೆ ಹಚ್ಚಿದ್ದದು, ಇನ್ನೂ ಕೆಂಪ ಏರಾಕತ್ತೈತಿ. ಎರಡೂ ಕೈಗೆ, ಮೊಣಕೈ ತನಕ. ಅದು ಒಣಗಾಕ ನಾಕು ತಾಸು ಸುಮ್ಮ ಕುಂಡ್ರಬೇಕ್ರಿ. ಪಾಳಿ ಮಾಡಿಕೋತ ಯಾರು ಹಚ್ಚಿಕೋತಾರ? ಅದೂ ಒಬ್ಬರು ಕೂತು ಹಚ್ಚಬೇಕು. ಎಲ್ಲೋ ಮದಿವಿ ನಿಶ್ಚಯಕ್ಕ ಹೋಗ್ಯಾಳ ಆಕಿ."

ಬಸವಪ್ರಸಾದ ತಿರುಗಿ ನೋಡಿದ. ಮೂರು ಜನರಲ್ಲಿ ಕಣ್ಣಿದ್ದದ್ದು ಒಬ್ಬಳಿಗೆ ಮಾತ್ರ ಅಂತ ಮನಸ್ಸಿನಲ್ಲೇ ಒಪ್ಪಿಕೊಂಡ.

ನವೆಂಬರ್ 14, ಶುಕ್ರವಾರ. ಮಧ್ಯಾಹ್ನ 12.30ಕ್ಕೆ ಮರಣೋತ್ತರ ಪರೀಕ್ಷೆಯ ಪ್ರಾಥಮಿಕ ವರದಿ ಬಂತು. ಶ್ವಾಸನಾಳದಲ್ಲಿ ಮತ್ತು ಬಲ ಶ್ವಾಸಕೋಶದಲ್ಲಿ ಶೇಂಗಾ ಪುಡಿ, ಬೆಲ್ಲ. ಅನ್ನನಾಳಕ್ಕೆ ಹೋಗಬೇಕಾದದ್ದು ಉಸಿರಿನ ದಾರಿ ಹಿಡಿದಿತ್ತು. ಬೇಗ ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುವ ಸಾಧ್ಯತೆ ಇತ್ತು ಎಂದು ವೈದ್ಯರು ಅಭಿಪ್ರಾಯ ಕೊಟ್ಟರು. ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ ಸೃಷ್ಟಿ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಮುಗಳಡಿ ಎಫ್‌ಐಆರ್ ಆಯಿತು. ಆರೋಪಿಯ ಹೆಸರಿನ ಜಾಗವನ್ನು ಬಸವಪ್ರಸಾದ ಖಾಲಿ ಬಿಟ್ಟ. ಕಾಗದದ ಪ್ರಕಾರ ಅಲ್ಲಿ ಜುಲೇಖಾ ಅಂತ ಬರೆಯಬೇಕಿತ್ತು. ಮೇಲಿನವರು ಫೋನಿನಲ್ಲಿ ಎರಡು ಸಲ ಹಾಗೆಂದೂ ಆಗಿತ್ತು.

ಅದೇ ಹೊತ್ತಿಗೆ ಮನಿಷಾ ಮತ್ತು ಸನಾಉಲ್ಲಾ ಖಾನಾಪುರ ದಾಟಿ ಬೀಡಿಯಲ್ಲಿದ್ದರು. ಜುಲೇಖಾಳ ಅಣ್ಣನ ಮನೆಯ ಮುಂದೆ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಅಣ್ಣನ ಮಗಳು ಮಹೇಕ, ಪೊಲೀಸರನ್ನು ನೋಡಿ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದಳು.

"ಬುಧವಾರ ನನ್ನ ನಿಶ್ಚಯ ಇತ್ರಿ. ಜುಲೇಖಾ ಫುಪ್ಪು ಮುಂಜಾನೆ ಎಂಟಕ್ಕನ ಬಂದಿದ್ರು. ಕಡೀ ಬಸ್ಸಿಗೆ ಹೋದ್ರು. ಯಾಕ್ರಿ, ಫುಪ್ಪುಗ ಏನಾತು?"

ಹುಡುಗಿಯ ಮೊಬೈಲಿನಲ್ಲಿ ಚಿತ್ರಗಳಿದ್ದವು. 12ರ ಸಂಜೆ 4 ಗಂಟೆ 22 ನಿಮಿಷಕ್ಕೆ ತೆಗೆದದ್ದರಲ್ಲಿ ಜುಲೇಖಾ ಎರಡೂ ಅಂಗೈ ಚಾಚಿ, ಹಸಿ ಮದರಂಗಿ ತಾಗದಂತೆ ಬೆರಳು ಅಗಲಿಸಿಕೊಂಡು ನಗುತ್ತ ಕೂತಿದ್ದಳು. ಎಂಟು ನಿಮಿಷದಲ್ಲಿ ಬೀಡಿಯಿಂದ ಪೀರನವಾಡಿಗೆ ಹಾರಿ ಬಂದು, ಆ ಕೈಯಿಂದ ಹಾಳೆ ತುಂಬಲು ಅವಳಿಗೆ ರೆಕ್ಕೆ ಇರಲಿಲ್ಲ.

15ರ ಬೆಳಿಗ್ಗೆ 10ಕ್ಕೆ ಜುಲೇಖಾಳನ್ನು ಠಾಣೆಗೆ ಕರೆಸಿದರು. ಬಸವಪ್ರಸಾದ ಚಿತ್ರದ ಪ್ರತಿಯನ್ನು ಮುಂದಿಟ್ಟ. ಅವಳು ಕಣ್ಣು ಮುಚ್ಚಿಕೊಂಡಳು.

"ನೀ ಅವತ್ತ ಬೀಡ್ಯಾಗಿದ್ದಿ. ಮತ್ತ ಸಹಿ?"

ಅವಳು ಚಿತ್ರವನ್ನು ಮಗುಚಿ ಇಟ್ಟಳು.

"ಹದಿಮೂರನೇ ತಾರೀಕ ಮುಂಜಾನೆ 8.05ಕ್ಕ ನಾಗರತ್ನಾ ನಿನಗ ಫೋನ್ ಮಾಡ್ಯಾಳ. ಹನ್ನೊಂದು ನಿಮಿಷ. ಏನಂದಳು?"

"ಅಕ್ಕಾರ ಏನೂ ಅಂದಿಲ್ರಿ. ಅಕ್ಕಾರದು ಏನೂ ತಪ್ಪಿಲ್ಲ. ನಾ ರಜಾ ಹಾಕದ ಹೋಗಿದ್ದೆ, ಹಾಜರಿ ಹಚ್ಚಿ ಅವರ ನನ್ನ ಕಾಯ್ದಾರ. ಅವರಿಲ್ಲ ಅಂದ್ರ ನನಗ ಈ ಊರಾಗ ಕೆಲಸನ ಸಿಗತಿರಲಿಲ್ರಿ. ಸಲಾಯಿನ್ ಹಚ್ಚೂದು ಕೈ ಹಿಡದು ಕಲಿಸ್ಯಾರ."

ಬಸವಪ್ರಸಾದ ಬೇರೇನೂ ಕೇಳಲಿಲ್ಲ. ನಾಗರತ್ನಾಳ ಹೇಳಿಕೆಯನ್ನು ಅವಳ ಕಡೆ ತಿರುಗಿಸಿ ಇಟ್ಟ. ಜುಲೇಖಾ ಓದಿದಳು. ಪಾಳಿಯಲ್ಲಿದ್ದಳು ಅನ್ನುವ ಸಾಲು ದಾಟಿದಳು. ಪರೀಕ್ಷಿಸಿದಳು ಅನ್ನುವ ಸಾಲನ್ನೂ ದಾಟಿದಳು, ಅದಕ್ಕೆ ಅವಳು ಒಪ್ಪಿದ್ದಳು. "ಸಂಜೆ ತಿನ್ನಿಸಿದವಳೂ ಅವಳೇ" ಅನ್ನುವಲ್ಲಿ ಬೆರಳು ನಿಂತಿತು. ಮತ್ತೊಮ್ಮೆ ಮೊದಲಿಂದ ಓದಿದಳು.

"ಇದು ಅಕ್ಕಾರ ಬರಸಿದ್ದಾ?"

"ಅವರ ಸಹಿ ಐತಿ ನೋಡು."

"ತಿನ್ನಿಸಿದ್ದೂ ನಾನಾ?" ಅವಳ ದನಿ ಸಣ್ಣದಾಯಿತು. "ಅಂದ್ರ ಕೊಂದಾಕಿನೂ ನಾನ ಆದೆ ಅಲ್ರಿ."

ಮನಿಷಾ ನೀರಿನ ಲೋಟ ಕೊಟ್ಟಳು. ಜುಲೇಖಾ ಅದನ್ನು ಹಿಡಿದಳೇ ಹೊರತು ಕುಡಿಯಲಿಲ್ಲ. ಅತ್ತಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು.

ಕೇಂದ್ರದಲ್ಲಿ ಐದು ಜನ ನರ್ಸುಗಳು. ಯಾರಾದರೂ ರಜೆ ಹೋದ ದಿನ ಕೆಲಸ ನಿಲ್ಲಬಾರದು ಅಂತ ನಾಗರತ್ನಾ ಒಂದು ಪದ್ಧತಿ ಮಾಡಿದ್ದಳು. ಪ್ರತಿಯೊಬ್ಬರೂ ಮೂರು ಮೂರು ಖಾಲಿ ತಪಾಸಣಾ ಹಾಳೆಗಳಿಗೆ ಮೊದಲೇ ಸಹಿ ಮಾಡಿ ಅವಳ ಡ್ರಾವರಿನಲ್ಲಿ ಇಡಬೇಕು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಅಕ್ಕಾರ ಕೈಯಲ್ಲಲ್ಲವೇ ಕೊಟ್ಟದ್ದು.

"ಅವತ್ತ ಫೋನ್‌ನ್ಯಾಗ ಅಕ್ಕಾರು, ಹೊಸಾ ಹಾಳಿ ಬರೀಲಿಕ್ಕೆ ಆಗಿಲ್ಲ, ಹಳೇದು ನೋಡಿ ತುಂಬೇನಿ, ನಿಂದ ಸಹಿ ಐತಿ, ಕೇಳಿದ್ರ ಹೂಂ ಅನ್ನು, ಬರೇ ಕಾಗದದ ಮಾತು, ನಿನ್ನ ಒಂದ್ ಕೂದಲಾ ಕೊಂಕಗೊಡಂಗಿಲ್ಲ ಅಂದ್ರು ಸರ. ಮುದುಕಿ ಕೆಮ್ಮಿದ್ದು, ತಿಂದದ್ದು, ಏನೂ ಹೇಳಲಿಲ್ಲ. ವಯಸ್ಸಾಗಿತ್ತು, ಹೋದಳು ಅಂದ್ರು." ಲೋಟ ಕೆಳಗಿಟ್ಟಳು. "ನನ್ನ ಹೆಸರನ್ನ ಅವರ ಕೈಯಾಗ ಇಟ್ಟಿದ್ದೆ. ನಮ್ಮವ್ವನ ಕೈಯಾಗ ಇಟ್ಟಂಗ ಇಟ್ಟಿದ್ದೆ."

ಬಸವಪ್ರಸಾದ ತಪಾಸಣಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಜುಲೇಖಾಳ ಶಾಯಿ ಸಹಿಯ ಪಕ್ಕದಲ್ಲಿ ಶಾಯಿಯಿಲ್ಲದ ಇನ್ನೊಂದು ಸಹಿಯ ಒತ್ತು ಮೂಡಿತ್ತು. ಮೂರು ಖಾಲಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸಹಿ ಮಾಡಿದ್ದಳು, ಇದು ನಡುವಿನದು. ಹಾಳೆ ತಜ್ಞರ ಪರೀಕ್ಷೆಗೆ ಹೋಯಿತು.

ಇನ್ನು ಉಳಿದದ್ದು ಶೇಂಗಾ. ಕೇಂದ್ರದ ಅಡುಗೆ ಪಟ್ಟಿಯಲ್ಲಿ ಅವತ್ತು ಸಂಜೆ ಉಪ್ಪಿಟ್ಟು, ಚಹಾ. ಮಧ್ಯಾಹ್ನ 3ಕ್ಕೆ ಬಸವಪ್ರಸಾದ ಸಿದ್ದಕ್ಕನನ್ನು ಕೇಳಿದ.

"ಶೇಂಗಾದ್ದು ಏನರೆ ಯಾರಾದ್ರೂ ಕೊಟ್ಟಿದ್ರೇನು ಮುದುಕಿಗೆ?"

"ಕೊಟ್ಟಿದ್ರಲ್ಲ. ಅಕ್ಕಾರ ಮನಿಯಿಂದ ಸ್ಟೀಲ್ ಡಬ್ಬ್ಯಾಗ ಶೇಂಗಾ ಹೋಳಿಗಿ ತಂದಿದ್ರು. ತಾವ ಮುರದು ಬಾಯಾಗ ಇಟ್ರು. ಡಬ್ಬಿ ತೊಳದಾಕಿ ನಾನ."

"ಇದನ್ನ ಮೊನ್ನೆನ ಯಾಕ ಹೇಳಲಿಲ್ಲ?"

"ಮೊನ್ನೆ ನೀವು ಕಳವಿಂದು ಕೇಳಿದ್ರಿ, ಹೋಳಿಗೀದು ಎಲ್ಲಿ ಕೇಳಿದ್ರಿ?" ಅಂದಳು ಸಿದ್ದಕ್ಕ, ಸೊಂಟದ ಮೇಲೆ ಕೈಯಿಟ್ಟು.

ಅವಳ ಹೇಳಿಕೆ ಬರೆದು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸುವಂತಿಲ್ಲ. ನವೆಂಬರ್ 16, ಭಾನುವಾರ ಬೆಳಿಗ್ಗೆ 7.15ಕ್ಕೆ ಮನಿಷಾ ನಾಗರತ್ನಾಳ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆಗೆದ ನಾಗರತ್ನಾ ಇಸ್ತ್ರಿ ಸೀರೆ ಉಟ್ಟು ತಯಾರಾಗಿದ್ದಳು. "ಜುಲೇಖಾ ಹೇಳಿದಳೇನು?" ಅಂತಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡಳು.

ಠಾಣೆಯಲ್ಲಿ ಪೂರ್ಣಿಮಾ ಬಂದು ಕೂತಿದ್ದಳು. ನಾಗರತ್ನಾ ಅವಳನ್ನು ನೋಡಿ ನಿಂತಳು.

"ಅಕ್ಕಾರ, ನಿಮ್ಮನ್ನ ನಂಬಿ ಬಿಟ್ಟಿದ್ದೆ," ಅಂದಳು ಪೂರ್ಣಿಮಾ. ಬೈಯಲು ಬಂದವಳಿಗೆ ಅಷ್ಟೇ ಸಾಧ್ಯವಾಯಿತು.

ನಾಗರತ್ನಾ ಎಲ್ಲವನ್ನೂ ಹೇಳಿದಳು. ಒಂದನೇ ತಾರೀಕು ಆಂಬುಲೆನ್ಸ್ ಹತ್ತಿಸುವಾಗ ಶಿವಬಸವ್ವ ಅವಳ ಕೈ ಬಿಟ್ಟಿರಲಿಲ್ಲ. ಆರಾಮಾಗಿ ಬಾ, ಶೇಂಗಾ ಹೋಳಿಗೆ ತಿನ್ನಿಸುತ್ತೇನೆ ಅಂತ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿನಂತೆ ತಂದಳು.

"ಆಸ್ಪತ್ರಿ ಚೀಟಿ ಓದಲಿಲ್ಲ?"

"ಎಂಟು ತಿಂಗಳು ನೋಡಿದಾಕಿರಿ ಸರ. ಆಕಿ ಏನ್ ಉಣ್ತಾಳ, ಹ್ಯಾಂಗ ಉಣ್ತಾಳ, ನನಗ ಗೊತ್ತಿಲ್ಲೇನು ಅಂದ್ಕೊಂಡೆ. ಎರಡನೇ ತುತ್ತಿಗೆ ಕೆಮ್ಮಿದಳು. ನೀರು ಕುಡಿಸಿದೆ. ಅದೂ ತಪ್ಪಾತು. ಸಣ್ಣಗ ಗೊರ ಗೊರ ಅನ್ನಾಕತ್ತಳು. ಸುಧಾರಿಸ್ತಾಳ ಅಂತ ಮಲಗಿಸಿದೆ."

"ಡಾಕ್ಟರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಮೊದಲ ಹಾಳಿ ಕೇಳ್ತಿದ್ರು. ಹಾಳಿ ಬರದಿರಲೇ ಇಲ್ಲ." ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನೋಡಿ ಬರೀರಿ, ನೋಡದ ಬರೀಬ್ಯಾಡ್ರಿ ಅಂತ ಇಪ್ಪತ್ತೆರಡು ವರ್ಷ ಎಷ್ಟು ಹುಡುಗ್ಯಾರಿಗೆ ಹೇಳೇನೋ. ಆ ಹುಡುಗ್ಯಾರ ಮುಂದ ನಾ ಹ್ಯಾಂಗ ನಿಲ್ಲಲಿ?"

"ಅದಕ್ಕ ಜುಲೇಖಾನ ಮ್ಯಾಲ ಹಾಕಿದಿ."

"ಡ್ರಾವರ್ ಎಳದೆ. ಮ್ಯಾಲ ಆಕೀ ಹಾಳಿ ಇತ್ತು." ಬೆರಳಿಗೆ ಸುತ್ತಿದ ಸೆರಗು ಬಿಚ್ಚಿದಳು. "ಸಹಿ ಇಲ್ಲದ ಹಾಳಿ ಕೈಗೆ ಸಿಕ್ಕಿದ್ರ ನಂದ ಮಾಡ್ತಿದ್ದೆ ಏನೋ. ಗೊತ್ತಿಲ್ಲ."

ಸುಳ್ಳಿರಬಹುದು, ಖರೆಯೂ ಇರಬಹುದು. ಬಸವಪ್ರಸಾದ ಅದನ್ನು ಅವಳು ಹೇಳಿದಂತೆಯೇ ಬರೆಸಿ, ಓದಿ ಹೇಳಿ, ಸಹಿ ಪಡೆದ. 11ಕ್ಕೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ಅದೇ ಮಧ್ಯಾಹ್ನ ಪೂರ್ಣಿಮಾ ತಾಯಿಯನ್ನು ಮಣ್ಣು ಮಾಡಿದಳು. ಹೊಸ ಶಿವದಾರ ಹಾಕಿ ಲಿಂಗವನ್ನು ಅವಳ ಅಂಗೈಯಲ್ಲಿಟ್ಟಳು.

17ರ ಸೋಮವಾರ ಬೆಳಿಗ್ಗೆ ಜುಲೇಖಾ ತನ್ನ ಮೊಬೈಲ್ ಒಯ್ಯಲು ಠಾಣೆಗೆ ಬಂದಳು. ಪ್ರಕರಣದಲ್ಲಿ ಅವಳೀಗ ಸಾಕ್ಷಿ. ಕೆಲಸ ಬಿಟ್ಟಿದ್ದಳು, ಕೋಣೆ ಖಾಲಿ ಮಾಡಿ ಬೀಡಿಗೆ ಹೊರಟಿದ್ದಳು. ಬ್ಯಾಗು ಬಾಗಿಲ ಬಳಿ ಇಟ್ಟಿದ್ದಳು. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ.

ಸನಾಉಲ್ಲಾ ಮೊಬೈಲನ್ನು ಮೇಜಿನ ಮೇಲಿಟ್ಟ. ಡ್ರಾವರಿನಿಂದ ಒಂದು ಹಾಳೆ ತೆಗೆದು, ಕೆಳತುದಿಯಲ್ಲಿ ಬೆರಳಿಟ್ಟು ತೋರಿಸಿದ. "ಮೊಬೈಲ್ ಮುಟ್ಟಿದ್ದಕ್ಕ ಇಲ್ಲೊಂದ್ ಸಹಿ ಮಾಡವಾ ತಂಗಿ, ಬಸ್ಸಿಗೆ ಹೊತ್ತಾಗತೈತಿ. ಮ್ಯಾಲಿಂದು ಆಮ್ಯಾಲೆ ನಾ ತುಂಬ್ಕೋತೇನಿ."

ಜುಲೇಖಾ ಪೆನ್ನು ಹಿಡಿದಿದ್ದಳು. ಹಾಳೆ ನೋಡಿದಳು. ಮೇಲಿಂದ ಕೆಳಗಿನ ತನಕ ಬೆಳ್ಳಗಿತ್ತು. ಪೆನ್ನು ಕೆಳಗಿಟ್ಟು ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

ಒಳಗಿನ ಮೇಜಿನಿಂದ ಬಸವಪ್ರಸಾದ ತಲೆಯೆತ್ತಿ ನೋಡಿದ. ಸನಾಉಲ್ಲಾನೂ ಆಗಲೇ ಅವಳ ಮುಖ ನೋಡಿದ್ದು. ಹಾಳೆಯ ಮೇಲಿನ ಬೆರಳು ತೆಗೆದ.

"ನೀವು ತುಂಬ್ರಿ ಚಾಚಾ," ಅಂದಳು ಜುಲೇಖಾ, ಬೆಂಚಿನ ಮೇಲೆ ಕೂರುತ್ತ. "ನಾ ಕುಂತಿರತೇನಿ. ಬಸ್ಸು ಇನ್ನೊಂದು ಬರತೈತಿ."